ಲೈನ್ ಮನೆ ಯಾರ ಲೆಕ್ಕಕ್ಕೆ?

ಕಾಫಿ ಸೀಮೆಯಲ್ಲಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ಮೂರು ಸಂಗತಿಗಳು ಒಟ್ಟೊಟ್ಟಿಗೆ ನಡೆಯುತ್ತವೆ. ಹಣ್ಣು ಕೊಯ್ಲಿಗೆ ಹೊರಗಿನಿಂದ ಆಳುಗಳು ಬಂದು ಅವರಿಗೆಂದು ತೋಟದಲ್ಲಿ ಕಟ್ಟಿದ ಸಾಲುಮನೆಗಳು, ಅಂದರೆ ಲೈನ್ ಮನೆಗಳು, ತುಂಬುತ್ತವೆ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ಗಳು ತಿರುಗತೊಡಗಿ ಕೆಲವು ಹಳ್ಳಗಳ ನೀರಿಗೆ ಹುಳಿ ವಾಸನೆ ಹತ್ತುತ್ತದೆ. ಕಾಡಂಚಿನ ಒಣ ತರಗೆಲೆಯಲ್ಲಿ ಉಣ್ಣೆಮರಿಗಳು ಎದ್ದು ಮಂಗನ ಕಾಯಿಲೆಯ ಕಾಲ ಶುರುವಾಗುತ್ತದೆ. ಮೂರೂ ಜನರ ಆರೋಗ್ಯದ ವಿಷಯವೇ. ಆದರೆ ಸರ್ಕಾರದ ಕಡತದಲ್ಲಿ ಇವು ಬೇರೆ ಬೇರೆ ಕಪಾಟಿನಲ್ಲಿವೆ. ಲೈನ್ ಮನೆಯ ನೀರು, ಶೌಚಾಲಯ ನೋಡಬೇಕಾದದ್ದು ಕಾರ್ಮಿಕ ಇಲಾಖೆ. ಹಳ್ಳದ ನೀರು ಕೆಟ್ಟರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಜ್ವರ ಬಂದರೆ ಆರೋಗ್ಯ ಇಲಾಖೆ. ಮಂಗ ಸತ್ತು ಬಿದ್ದರೆ ಅರಣ್ಯ ಇಲಾಖೆ, ಅದರ ಜೊತೆ ಪಶುಪಾಲನಾ ಇಲಾಖೆ.

ಇಲಾಖೆಗಳು ನಾಲ್ಕೈದಾದರೂ ಊರು ಒಂದೇ, ಹಳ್ಳ ಒಂದೇ, ಆ ನೀರು ಕುಡಿಯುವ ಮಗುವೂ ಒಂದೇ. ಇವನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ನೋಡುವವರು ಯಾರು ಎಂಬ ಪ್ರಶ್ನೆ ಮೂಡಿಗೆರೆ, ಕಳಸ, ಆಲ್ದೂರು ಕಡೆಯವರಿಗೆ ಬಹಳ ಹಿಂದೆಯೇ ಬರಬೇಕಿತ್ತು. ಉತ್ತರವೂ ಇದೆ. ಅದರ ಹೆಸರು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ. ತಮ್ಮ ಊರಿಗೂ ಅಂಥದ್ದೊಂದು ಇದೆ ಎಂದು ಗೊತ್ತಿರುವವರು ಮಾತ್ರ ಕಡಿಮೆ.

ಇದು ಹುಟ್ಟಿದ್ದು 2005ರ ಏಪ್ರಿಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆಗೆ. ಆಶಾ ಕಾರ್ಯಕರ್ತೆಯರು ಬಂದದ್ದೂ ಅದೇ ಅಭಿಯಾನದಲ್ಲಿ. ಪೌಷ್ಟಿಕತೆಯ ಹೊಣೆ ಆಮೇಲೆ ಸೇರಿತು. ಕೇಂದ್ರದ 2013ರ ಮಾರ್ಗಸೂಚಿಯ ಪ್ರಕಾರ ಸಮಿತಿಯಲ್ಲಿ ಕನಿಷ್ಠ 15 ಮಂದಿ ಇರಬೇಕು, ಅದರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರು. ಅಧ್ಯಕ್ಷತೆ ಗ್ರಾಮ ಪಂಚಾಯಿತಿಯ ಚುನಾಯಿತ ಸದಸ್ಯರದು, ಮಹಿಳೆಯಾದರೆ ಇನ್ನೂ ಒಳ್ಳೆಯದು. ಸದಸ್ಯ ಕಾರ್ಯದರ್ಶಿ ಆಶಾ ಕಾರ್ಯಕರ್ತೆ. ಅಂಗನವಾಡಿ ಶಿಕ್ಷಕಿ, ಉಪಕೇಂದ್ರದ ಸಿಸ್ಟರ್, ಸ್ವಸಹಾಯ ಸಂಘದವರು, ಪರಿಶಿಷ್ಟರ ಕೇರಿಯವರು, ಸರ್ಕಾರಿ ಆಸ್ಪತ್ರೆಯನ್ನು ನಿಜವಾಗಿ ಬಳಸುವವರು ಅದರಲ್ಲಿ ಕೂರಬೇಕು. ತಿಂಗಳಿಗೊಂದು ಸಭೆ. ವರ್ಷಕ್ಕೆ 10,000 ರೂಪಾಯಿ ಮುಕ್ತನಿಧಿ.

ಹತ್ತು ಸಾವಿರ ಎಂದಾಗ ಜನ ಮೂಗು ಮುರಿಯುತ್ತಾರೆ. ಒಂದು ಚರಂಡಿಯ ಹೂಳೆತ್ತಿಸುವುದಕ್ಕೂ ಸಾಲದು, ನಿಜ. ಆದರೆ ಸಮಿತಿಯ ಶಕ್ತಿ ಅದರ ಖಾತೆಯಲ್ಲಿ ಇಲ್ಲ, ಪುಸ್ತಕಗಳಲ್ಲಿ ಇದೆ. ಸಭೆಯ ನಡಾವಳಿ ಮತ್ತು ನಗದು ಪುಸ್ತಕವಲ್ಲದೆ, ಸಮಿತಿಯವರು ಸಾರ್ವಜನಿಕ ಸೇವೆಗಳ ಮೇಲ್ವಿಚಾರಣೆಯ ಪುಸ್ತಕ, ಜನನದ ಪುಸ್ತಕ, ಮರಣದ ಪುಸ್ತಕಗಳನ್ನು ಇಡಬೇಕು. ಈ ತಿಂಗಳು ಅಂಗನವಾಡಿಯಲ್ಲಿ ಮಕ್ಕಳ ತೂಕ ನೋಡಿದರೇ, ಲಸಿಕೆಯ ದಿನ ಸಿಸ್ಟರ್ ಬಂದರೇ, ಕುಡಿಯುವ ನೀರು ಪರೀಕ್ಷೆ ಆಯಿತೇ, ಕೈಪಂಪು ಕೆಟ್ಟು ನಿಂತಿದೆಯೇ: ಹೀಗೆ ಒಂದೊಂದಕ್ಕೂ ಹೌದು, ಇಲ್ಲ ಬರೆಯುವುದು. ಇಲ್ಲ ಎಂದಾದರೆ ಯಾರಿಗೆ ಹೇಳಿದೆವು, ಏನಾಯಿತು ಎಂಬುದನ್ನು ಮುಂದಿನ ತಿಂಗಳು ಮತ್ತೆ ತೆಗೆದು ನೋಡುವುದು. ಮೇಲ್ವಿಚಾರಣೆ ಎಂದರೆ ಇಷ್ಟೇ. ವೈದ್ಯರನ್ನು ಗದರಿಸುವುದಾಗಲಿ, ಆಸ್ಪತ್ರೆಗೆ ನುಗ್ಗಿ ಮೊಬೈಲಿನಲ್ಲಿ ವಿಡಿಯೊ ಮಾಡುವುದಾಗಲಿ ಅದಲ್ಲ.

ಈ ಪುಸ್ತಕಗಳಲ್ಲಿ ಮರಣದ ಪುಸ್ತಕಕ್ಕೆ ಕಳಸದಂಥ ಊರಲ್ಲಿ ವಿಶೇಷ ಬೆಲೆಯಿದೆ. ಕಳಸದಿಂದ ಜಿಲ್ಲಾ ಕೇಂದ್ರ ಚಿಕ್ಕಮಗಳೂರಿಗೆ ತೊಂಬತ್ತು ಕಿಲೋಮೀಟರಿನ ಆಸುಪಾಸು ಘಟ್ಟದ ದಾರಿ. ಆದ್ದರಿಂದ ಕಾಯಿಲೆ ಬಿಗಡಾಯಿಸಿದಾಗ ಜನ ಕುದುರೆಮುಖ ದಾಟಿ ಕಾರ್ಕಳ, ಮಣಿಪಾಲದ ಕಡೆಗೇ ಇಳಿಯುತ್ತಾರೆ. ಮೂಡಿಗೆರೆ ಕಡೆಯವರು ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗುವುದುಂಟು. ಅಲ್ಲಿ ಯಾರಾದರೂ ತೀರಿಕೊಂಡರೆ, ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವು ದಾಖಲಾಗುವುದು ಸತ್ತ ಜಾಗದಲ್ಲಿ, ಅಂದರೆ ಉಡುಪಿ ಅಥವಾ ದಕ್ಷಿಣ ಕನ್ನಡದಲ್ಲಿ. ಹೀಗೆ ಒಂದೇ ಊರಿನ ಒಂದು ವರ್ಷದ ಸಾವುಗಳು ಮೂರು ಜಿಲ್ಲೆಗಳ ಕಚೇರಿಗಳಲ್ಲಿ ಹಂಚಿಹೋಗುತ್ತವೆ. ಈ ಊರಲ್ಲಿ ಎಳೆಯ ವಯಸ್ಸಿನವರು ಹೃದಯಾಘಾತದಿಂದ ಹೋಗುತ್ತಿದ್ದಾರೆಯೇ, ಹೆರಿಗೆಯ ಆಸುಪಾಸಿನಲ್ಲಿ ತಾಯಂದಿರು ಸಾಯುತ್ತಿದ್ದಾರೆಯೇ, ಆತ್ಮಹತ್ಯೆಗಳು ಎಷ್ಟು, ಹಾವು ಕಡಿದು ಸತ್ತವರು ಎಷ್ಟು ಎಂಬುದು ಒಂದೇ ಹಾಳೆಯ ಮೇಲೆ ಕಾಣುವುದು ಊರಿನ ಈ ಪುಸ್ತಕದಲ್ಲಿ ಮಾತ್ರ. ಅದನ್ನು ಬರೆಯದೆ ಬಿಟ್ಟರೆ, ಮೇಲಿನ ಯಾವ ಕಂಪ್ಯೂಟರೂ ಆ ಚಿತ್ರವನ್ನು ಕಟ್ಟಿಕೊಡುವುದಿಲ್ಲ.

ಒಂದು ಬಾಟಲಿ ನೀರು

ಇಂಥ ಸಭೆ ಸಾಮಾನ್ಯವಾಗಿ ಅಂಗನವಾಡಿಯಲ್ಲಿ ನಡೆಯುತ್ತದೆ. ಕೊಯ್ಲಿನ ಕಾಲದಲ್ಲಿ ಹಗಲು ಯಾರೂ ಸಿಗುವುದಿಲ್ಲ. ತೋಟದಿಂದ ಬಂದು, ಹಣ್ಣು ತೂಕ ಹಾಕಿಸಿ, ಮನೆ ಮುಟ್ಟುವಾಗ ಕತ್ತಲು. ಹಾಗಾಗಿ ಸಭೆಗೆ ಬರುವವರು ಬೆರಳೆಣಿಕೆಯಷ್ಟು. ಕೆಲವು ಕಡೆ ಪುಸ್ತಕವೇ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತದೆ. "ಒಂದು ಸಹಿ ಹಾಕಿಬಿಡಿ ಅಕ್ಕ, ತಿಂಗಳ ಕೊನೆ ಬಂತು" ಎಂದು ಆಶಾ ಬಾಗಿಲಲ್ಲಿ ನಿಂತರೆ ಇಲ್ಲ ಎನ್ನುವುದು ಕಷ್ಟ. ತಪ್ಪು ಅವಳದಲ್ಲ. ಅವಳ ಮೇಲೆ ಸಮೀಕ್ಷೆ, ಬಾಣಂತಿ ಭೇಟಿ, ಕಫದ ಮಾದರಿ, ಮೊಬೈಲ್ ಆ್ಯಪ್ ಎಲ್ಲ ಇವೆ. ಕೈಗೆ ಸಿಗುವುದು ಗೌರವಧನ ಮತ್ತು ಪ್ರೋತ್ಸಾಹಧನ, ಸಂಬಳವಲ್ಲ. ಸಮಿತಿಯನ್ನು ನಡೆಸುವ ಭಾರವನ್ನೂ ಅವಳೊಬ್ಬಳ ಹೆಗಲಿಗೇ ಬಿಟ್ಟು, ಸಭೆ ನೆಟ್ಟಗೆ ನಡೆಯುತ್ತಿಲ್ಲ ಎನ್ನುವುದು ನ್ಯಾಯವಲ್ಲ.

ಆದರೂ ಸಭೆ ನಿಜವಾಗಿ ನಡೆದ ದಿನ ಏನಾಗಬಹುದು ಎಂಬುದಕ್ಕೆ ನೀರಿನ ಪರೀಕ್ಷೆಯನ್ನೇ ನೋಡಿ. ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯ ಬಾಟಲಿ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಗೆರೆಯವರೆಗೆ ನೀರು ತುಂಬಿ, ಒಳಭಾಗಕ್ಕೆ ಬೆರಳು ತಾಗಿಸದೆ ಮುಚ್ಚಳ ಬಿಗಿಯಬೇಕು. ಬಿಸಿಲು ಬೀಳದ, ಬೆಚ್ಚಗಿನ ಜಾಗದಲ್ಲಿ 24ರಿಂದ 48 ಗಂಟೆ ಇಡಬೇಕು. ನೀರು ಕಪ್ಪು ತಿರುಗಿದರೆ ಅದಕ್ಕೆ ಮಲದ ಸೋಂಕು ತಗಲಿದೆ ಎಂಬ ಸೂಚನೆ. ಮಲೆನಾಡಿನ ಡಿಸೆಂಬರ್ ಚಳಿಯಲ್ಲಿ ಬಾಟಲಿಯನ್ನು ಕಿಟಕಿಯ ಮೇಲೆ ಇಟ್ಟರೆ ಬಣ್ಣ ತಿರುಗುವುದು ನಿಧಾನ. ಒಂದೇ ದಿನಕ್ಕೆ ನೋಡಿ ನೀರು ಶುದ್ಧ ಎಂದು ಬರೆದುಬಿಡುವ ಅಪಾಯವಿದೆ. ಬಚ್ಚಲ ಒಲೆಯ ಆಚೆಬದಿ, ತೀರಾ ಬಿಸಿ ತಾಗದ ಗೂಡಿನಲ್ಲಿ ಇಟ್ಟು ಎರಡು ದಿನ ಕಾದರೆ ಫಲಿತಾಂಶ ನಂಬಬಹುದು.

ಈ ಸೀಮೆಯಲ್ಲಿ ಬಹಳ ಮನೆಗಳಿಗೆ ನೀರು ಬರುವುದು ಗುಡ್ಡದ ಅಬ್ಬಿಯಿಂದ, ಪೈಪಿನಲ್ಲಿ, ತನ್ನಷ್ಟಕ್ಕೆ ಇಳಿದು. ಅಬ್ಬಿ ನೀರು ಅಮೃತ ಎಂಬ ನಂಬಿಕೆ ಬಲವಾಗಿದೆ, ಬಹುಪಾಲು ಅದು ನಿಜವೂ ಹೌದು. ಆದರೆ ಅಬ್ಬಿಯ ಮೇಲ್ಭಾಗದಲ್ಲಿ ಹೊಸದಾಗಿ ಹೋಮ್‌ಸ್ಟೇ ಎದ್ದಿದ್ದರೆ, ಶೌಚಾಲಯವಿಲ್ಲದ ಲೈನ್ ಇದ್ದರೆ, ಕೆಳಗಿನವರ ಬಾಟಲಿ ಕಪ್ಪಾಗುತ್ತದೆ. ಆಗ ಸಮಿತಿ ಬರೆಯುವ ಎರಡು ಸಾಲಿನ ನಡಾವಳಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಮೇಜಿಗೆ ಹೋಗಬೇಕು. ಪಂಚಾಯಿತಿಗೆ 15ನೇ ಹಣಕಾಸು ಆಯೋಗದಿಂದ ಬಂದ ಅನುದಾನದಲ್ಲಿ 60 ಪಾಲು ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಸಮಿತಿಯ ಹತ್ತು ಸಾವಿರ ಸಣ್ಣದಾದರೂ ಅದರ ನಡಾವಳಿ ಪಂಚಾಯಿತಿಯ ಲಕ್ಷಗಳನ್ನು ಅಲ್ಲಾಡಿಸಬಲ್ಲದು ಎಂದು ನಾನು ಹೇಳುವುದು ಇದಕ್ಕೇ.

ಒಂದು ಎಚ್ಚರಿಕೆ. ಈ ಬಾಟಲಿ ಪಲ್ಪರ್ ನೀರನ್ನು ಹಿಡಿಯುವುದಿಲ್ಲ. ಹಣ್ಣಿನ ಸಿಪ್ಪೆ ಮತ್ತು ಅಂಟು ಕೊಳೆತ ನೀರು ಹುಳಿಯಾಗಿರುತ್ತದೆ, ಹಳ್ಳದ ನೀರಿನಲ್ಲಿರುವ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಮೀನು ಮೇಲೆ ತೇಲುವುದು, ನೀರು ಕಂದು ತಿರುಗುವುದು, ಮೂಗಿಗೆ ಹೊಡೆಯುವ ವಾಸನೆ: ಇವೇ ಅದರ ಗುರುತು. ಸುಣ್ಣ ಹಾಕಿ ಹುಳಿ ತಗ್ಗಿಸಿ, ಹೊಂಡಗಳಲ್ಲಿ ನಿಲ್ಲಿಸಿ ಸಂಸ್ಕರಿಸದೆ ಇದನ್ನು ಹೊರಗೆ ಬಿಡುವಂತಿಲ್ಲ. ದೂರು ಹೋಗಬೇಕಾದದ್ದು ಚಿಕ್ಕಮಗಳೂರಿನಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ. ಆ ಕಚೇರಿಯವರು ಪ್ರತಿ ಹಳ್ಳದ ಬದಿ ನಿಂತು ಕಾಯಲಾಗದು. ಹೇಮಾವತಿ ಹುಟ್ಟುವ ಜಾವಳಿಯಿಂದ ಹಿಡಿದು ಭದ್ರೆಯ ದಂಡೆಯ ಕಳಸದವರೆಗೆ, ಯಾವ ದಿನ ಯಾವ ಹಳ್ಳ ಕೆಟ್ಟಿತು ಎಂದು ದಿನಾಂಕ ಹಾಕಿ ಬರೆಯಬಲ್ಲವರು ಆ ದಂಡೆಯ ಜನ ಮಾತ್ರ.

ಗುಲ್ಮ ಎಣಿಸಿದ ಕಾಲ

ಜನರ ಆರೋಗ್ಯವನ್ನು ಎಣಿಸಿ ನೋಡುವುದು ಮೂಡಿಗೆರೆಗೆ ಹೊಸದಲ್ಲ. ಹಳೆಯ ಮೈಸೂರು ಸಂಸ್ಥಾನದಲ್ಲಿ ಮಲೆನಾಡು ಎಂದರೆ ಚಳಿಜ್ವರದ ನಾಡು. ಜ್ವರದ ಭಯಕ್ಕೆ ಬಯಲುಸೀಮೆಯವರು ಇಲ್ಲಿಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದರು ಎಂದು ಹಿರಿಯರು ಈಗಲೂ ಹೇಳುತ್ತಾರೆ. 1920ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ನಿನ ನೆರವಿನಿಂದ ಮಲೇರಿಯಾ ಅಧ್ಯಯನಕ್ಕೆ ಕೇಂದ್ರಗಳನ್ನು ತೆರೆಯಿತು. ನಗೇನಹಳ್ಳಿ, ಹಿರಿಯೂರಿನ ಜೊತೆ ಮೂಡಿಗೆರೆಯೂ ಅದರಲ್ಲೊಂದು. ಬಯಲಿನ ನಾಲೆಯ ಮಲೇರಿಯಾ ಬೇರೆ, ಗುಡ್ಡದ ತೊರೆಯ ಮಲೇರಿಯಾ ಬೇರೆ. ಮಲೆನಾಡಿನಲ್ಲಿ ರೋಗ ಹರಡುತ್ತಿದ್ದ ಅನಾಫಿಲಿಸ್ ಫ್ಲುವಿಯಾಟಿಲಿಸ್ ಎಂಬ ಸೊಳ್ಳೆ ಕೊಳಚೆಯಲ್ಲಿ ಅಲ್ಲ, ಮೆಲ್ಲಗೆ ಹರಿಯುವ ತಿಳಿನೀರಿನ ಅಂಚಿನಲ್ಲಿ ಮೊಟ್ಟೆಯಿಡುತ್ತದೆ.

ಆ ಕಾಲದ ಸಮೀಕ್ಷೆಯ ಕ್ರಮ ಸರಳ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಡಪಕ್ಕೆಯ ಕೆಳಗೆ ಬೆರಳಿಟ್ಟು ಒತ್ತಿ, ಗುಲ್ಮ ಊದಿದೆಯೇ ಎಂದು ನೋಡುವುದು. ನೂರು ಮಕ್ಕಳಲ್ಲಿ ಎಷ್ಟು ಮಂದಿಗೆ ಊದಿದೆ ಎಂಬ ಒಂದೇ ಸಂಖ್ಯೆಯಿಂದ ಆ ಊರಿನ ಮಲೇರಿಯಾದ ತೀವ್ರತೆ ತಿಳಿಯುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೆ ಡಿಡಿಟಿ ಸಿಂಪಡಣೆ, 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಇವೆಲ್ಲ ಬಂದವು, ಚಳಿಜ್ವರದ ಭಯ ಕರಗಿತು. ಇಂದಿನ ಕಾಫಿ ಸೀಮೆಯ ಸಮೃದ್ಧಿಯಲ್ಲಿ ಆ ಸೊಳ್ಳೆ ಲೆಕ್ಕದವರ ಪಾಲೂ ಇದೆ. ಅದನ್ನು ನಾವು ಮರೆತಿದ್ದೇವೆ.

ಲೆಕ್ಕದಿಂದಲೇ ಆಡಳಿತ ಹುಟ್ಟಿದ ಇನ್ನೊಂದು ಉದಾಹರಣೆ ಇಂಗ್ಲೆಂಡಿನದು. ಅಲ್ಲಿನ 1848ರ ಸಾರ್ವಜನಿಕ ಆರೋಗ್ಯ ಕಾಯ್ದೆಯಲ್ಲಿ ಒಂದು ಕಲಮು ಇತ್ತು. ತೆರಿಗೆದಾರರು ಕೇಳಲಿ, ಕೇಳದಿರಲಿ, ವರ್ಷಕ್ಕೆ ಸಾವಿರಕ್ಕೆ 23ಕ್ಕಿಂತ ಹೆಚ್ಚು ಜನ ಸಾಯುವ ಊರಿನ ಮೇಲೆ ಸ್ಥಳೀಯ ಆರೋಗ್ಯ ಮಂಡಳಿಯನ್ನು ಹೇರಬಹುದಿತ್ತು. ನೀರು, ಚರಂಡಿ, ಕಸಾಯಿಖಾನೆ ಎಲ್ಲದರ ಮೇಲೆ ಆ ಮಂಡಳಿಗೆ ಅಧಿಕಾರ. ನಮ್ಮ ಪುರಸಭೆ, ಲೋಕಲ್ ಬೋರ್ಡುಗಳ ನೈರ್ಮಲ್ಯದ ಕಲ್ಪನೆ ಆ ಬೇರಿನಿಂದಲೇ ಬಂದದ್ದು. ಸತ್ತವರನ್ನು ಎಣಿಸದೆ ಅಂಥ ಮಂಡಳಿ ಹುಟ್ಟುವಂತೆಯೇ ಇರಲಿಲ್ಲ.

ಎಣಿಕೆಗೆ ಸಿಗದವರು

ಈಗ ಲೈನ್ ಮನೆಗೆ ಬರೋಣ. ಈ ಲೇಖನ ಬರೆಯಲು ಕೂತದ್ದೇ ಅದಕ್ಕಾಗಿ.

ಕರ್ನಾಟಕ ದೇಶದ ಕಾಫಿಯಲ್ಲಿ ಸುಮಾರು 70 ಪಾಲು ಬೆಳೆಯುತ್ತದೆ. ಚಿಕ್ಕಮಗಳೂರು ಆ ಬೆಳೆಯ ತವರು. ಮೊದಲು ತಮಿಳುನಾಡಿನಿಂದ, ಬಯಲುಸೀಮೆಯಿಂದ, ಘಟ್ಟದ ಕೆಳಗಿನಿಂದ ಆಳುಗಳು ಬರುತ್ತಿದ್ದರು. ಈಚಿನ ವರ್ಷಗಳಲ್ಲಿ ಅಸ್ಸಾಂ, ಜಾರ್ಖಂಡ್, ಪಶ್ಚಿಮ ಬಂಗಾಳದಿಂದ ಸಂಸಾರ ಸಮೇತ ಬರುತ್ತಾರೆ. ಕೆಲವರು ವರ್ಷಪೂರ್ತಿ ಉಳಿಯುತ್ತಾರೆ, ಹಲವರು ಕೊಯ್ಲು ಮುಗಿದೊಡನೆ ಹೊರಡುತ್ತಾರೆ. ಇಂದು ಒಂದು ತೋಟದಲ್ಲಿ, ಹದಿನೈದು ದಿನ ಕಳೆದು ಮತ್ತೊಂದರಲ್ಲಿ.

1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಇವರಿಗಾಗಿಯೇ ಇದ್ದದ್ದು. ಐದು ಹೆಕ್ಟೇರ್ ಮತ್ತು ಅದಕ್ಕಿಂತ ದೊಡ್ಡದಾದ, ಹದಿನೈದಕ್ಕೆ ಕಡಿಮೆಯಿಲ್ಲದಷ್ಟು ಕಾರ್ಮಿಕರಿರುವ ತೋಟದ ಮಾಲೀಕರು ಕುಡಿಯುವ ನೀರು, ಶೌಚಾಲಯ, ವಸತಿ, ವೈದ್ಯಕೀಯ ಸೌಲಭ್ಯ ಕೊಡಬೇಕು. 50 ಅಥವಾ ಹೆಚ್ಚು ಮಹಿಳೆಯರಿದ್ದರೆ ಶಿಶುಪಾಲನಾ ಕೊಠಡಿ ಇರಬೇಕು ಎಂದು ಅದು ಹೇಳಿತು. ಈಗ ಆ ಕಾಯ್ದೆ 2020ರ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆಯೊಳಗೆ ಸೇರಿಹೋಗಿದೆ. ಆದರೆ ಕರ್ನಾಟಕದ ಕಾಫಿ ಹಿಡುವಳಿಗಳಲ್ಲಿ ಬಹುತೇಕ ಎಲ್ಲವೂ ಹತ್ತು ಹೆಕ್ಟೇರ್‌ಗಿಂತ ಸಣ್ಣವು, ಅದರಲ್ಲೂ ಎರಡು ಮೂರು ಎಕರೆಯವರೇ ಜಾಸ್ತಿ. ಐದು ಹೆಕ್ಟೇರ್‌ಗಿಂತ ಸಣ್ಣವು ಕಾಯ್ದೆಯ ಕಣ್ಣಿಗೆ ಪ್ಲಾಂಟೇಶನ್ನೇ ಅಲ್ಲ. ಸಣ್ಣ ಬೆಳೆಗಾರ ತಾನೇ ಬೆಲೆ ಏರಿಳಿತ, ಅಕಾಲದ ಮಳೆ, ಕಾಂಡಕೊರಕಗಳ ನಡುವೆ ಒದ್ದಾಡುವವನು. ಅವನಿಗೆ ಆಸ್ಪತ್ರೆ ಕಟ್ಟು ಎನ್ನುವುದರಲ್ಲಿ ಅರ್ಥವಿಲ್ಲ. ಅಲ್ಲಿನ ಆಳುಗಳ ಆರೋಗ್ಯ ಸರ್ಕಾರದ ಹೊಣೆ, ಅಂದರೆ ಉಪಕೇಂದ್ರದ ಮತ್ತು ಪಂಚಾಯಿತಿಯ ಹೊಣೆ.

ತೊಡಕು ಇರುವುದು ಛೇದದಲ್ಲಿ. ಆರೋಗ್ಯದ ಬಹುತೇಕ ಅಂಕಿಅಂಶಗಳು ಶೇಕಡಾವಾರು ಬರುತ್ತವೆ. ಇಷ್ಟು ಮಕ್ಕಳಲ್ಲಿ ಇಷ್ಟು ಮಂದಿಗೆ ಲಸಿಕೆ, ಇಷ್ಟು ಜನಸಂಖ್ಯೆಗೆ ಇಷ್ಟು ಕಫ ಪರೀಕ್ಷೆ. ಮೇಲಿನ ಅಂಕಿಯನ್ನು ಎಲ್ಲರೂ ಕೇಳುತ್ತಾರೆ, ಕೆಳಗಿನ ಅಂಕಿ ಯಾರದು ಎಂದು ಕೇಳುವುದಿಲ್ಲ. ಮನೆಮನೆ ಸಮೀಕ್ಷೆ ನಡೆದ ತಿಂಗಳಲ್ಲಿ ಲೈನ್ ಖಾಲಿಯಿದ್ದರೆ ಅಲ್ಲಿನ ಮಕ್ಕಳು ಪಟ್ಟಿಯಲ್ಲಿ ಇರುವುದಿಲ್ಲ. ಪಟ್ಟಿಯಲ್ಲಿ ಇಲ್ಲದ ಮಗುವಿಗೆ ಲಸಿಕೆ ತಪ್ಪಿದರೂ ಊರಿನ ಸಾಧನೆ ನೂರಕ್ಕೆ ನೂರೇ. 2023ರಲ್ಲಿ ಶುರುವಾದ ಕ್ಷಯಮುಕ್ತ ಪಂಚಾಯಿತಿ ಕಾರ್ಯಕ್ರಮದಲ್ಲಿ ವರ್ಷಕ್ಕೆ ಸಾವಿರ ಜನಸಂಖ್ಯೆಗೆ 30 ಶಂಕಿತರನ್ನು ಪರೀಕ್ಷಿಸಬೇಕು, ರೋಗಿಗಳು ಸಾವಿರಕ್ಕೆ ಒಂದಕ್ಕಿಂತ ಹೆಚ್ಚಿರಬಾರದು ಎಂಬ ಮಾನದಂಡಗಳಿವೆ. ಆ ಸಾವಿರದೊಳಗೆ ಲೈನ್ ಮನೆಯವರು ಇದ್ದಾರೆಯೇ? ಇಕ್ಕಟ್ಟಾದ ಕೋಣೆಯಲ್ಲಿ ಹೊಗೆಯ ನಡುವೆ ಏಳೆಂಟು ಮಂದಿ ಮಲಗುವ ಜಾಗವನ್ನು ಬಿಟ್ಟು ಕ್ಷಯಮುಕ್ತ ಫಲಕ ಹಾಕಿಕೊಂಡರೆ ಅದಕ್ಕೆ ಬೆಲೆಯಿಲ್ಲ.

ಕೈಗೆ ಎಟುಕುವ ದಾರಿ ಇದೆ. ಪ್ರತಿ ತೋಟದಲ್ಲೂ ರೈಟರ್ ಅಥವಾ ಮೇಸ್ತ್ರಿಯ ಬಳಿ ಆಳುಗಳ ಹಾಜರಿ ಪುಸ್ತಕ ಇರುತ್ತದೆ. ಕೂಲಿ ಲೆಕ್ಕ ಹಾಕುವುದೇ ಅದರಿಂದ, ಆದ್ದರಿಂದ ಅಷ್ಟು ನಿಖರವಾದ ಜನಗಣತಿ ಆ ಊರಲ್ಲಿ ಇನ್ನೊಂದಿಲ್ಲ. ಹೊಸ ಸಂಸಾರ ಬಂದ ದಿನವೇ ರೈಟರ್ ಒಂದು ಫೋನ್ ಮಾಡಿ, "ಸಿಸ್ಟರ್, ನಮ್ಮ ಮೇಲಿನ ಲೈನಿಗೆ ಎರಡು ಸಂಸಾರ ಬಂದಿದೆ, ಒಬ್ಬಳು ಬಸುರಿ, ಮೂರು ಮಕ್ಕಳು" ಎಂದು ಹೇಳಿದರೆ, ಮುಂದಿನ ಗುರುವಾರದ ಲಸಿಕೆಗೆ ಆ ಮಕ್ಕಳ ಹೆಸರು ಸೇರುತ್ತದೆ, ತಾಯಿ ಕಾರ್ಡ್ ಸಿಗುತ್ತದೆ. ಭಾಷೆ ಬಾರದಿದ್ದರೆ ಮೇಸ್ತ್ರಿಯೇ ದುಭಾಷಿ. ರೈಟರನ್ನು ಆರೋಗ್ಯ ಸಮಿತಿಯ ಸಭೆಗೆ ಕರೆಯಬಾರದೆಂದು ಯಾವ ನಿಯಮವೂ ಇಲ್ಲ. ಆಳುಗಳಲ್ಲೇ ಒಬ್ಬ ಹೆಣ್ಣುಮಗಳನ್ನು ಕೂರಿಸಿದರಂತೂ ಸಭೆಯ ಮಾತೇ ಬದಲಾಗುತ್ತದೆ. ಸೇವೆ ಬಳಸುವವರು ಸಮಿತಿಯಲ್ಲಿರಬೇಕು ಎಂದು ಮಾರ್ಗಸೂಚಿಯೇ ಹೇಳುತ್ತದೆ, ಲೈನಿನವರಿಗಿಂತ ಹೆಚ್ಚು ಅದನ್ನು ಅವಲಂಬಿಸಿದವರು ಈ ಬೆಟ್ಟದಲ್ಲಿ ಯಾರಿದ್ದಾರೆ?

ತೋಟದ ಬದಿಯ ಕಾಯಿಲೆಯನ್ನು ಊರಿನವರೇ ಬರೆದಿಟ್ಟು ದೇಶದ ಕಣ್ಣು ತೆರೆಸಿದ್ದಕ್ಕೆ ನಮ್ಮ ಕನ್ನಡಿಗರದೇ ದೊಡ್ಡ ಉದಾಹರಣೆ ಇದೆ. ಕಾಸರಗೋಡಿನ ಎಣ್ಮಕಜೆ ಪಂಚಾಯಿತಿಯ ಪಡ್ರೆಯಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯಿತು. ಈ ಗುಡ್ಡದ ಬುಡದ ಮನೆಗಳಲ್ಲೇ ಯಾಕೆ ಇಷ್ಟೊಂದು ಅಪರೂಪದ ಕಾಯಿಲೆಗಳು ಎಂದು ಮೊದಲು ಕೇಳಿದವರು ಅಲ್ಲಿನ ಹಳ್ಳಿ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್. ಅದನ್ನು ಹೊರಜಗತ್ತಿಗೆ ಮುಟ್ಟಿಸಿದವರಲ್ಲಿ ಪತ್ರಕರ್ತ ಶ್ರೀಪಡ್ರೆ ಮೊದಲಿಗರು. ಸಿಂಪಡಣೆ 2000ದ ಕೊನೆಗೆ ನಿಂತಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಅನ್ವಯಿಸುವಂತೆ ತಡೆ ಹಾಕಿತು. ಇದೆಲ್ಲದರ ಬುಡದಲ್ಲಿ ಇದ್ದದ್ದು ಯಾವ ಮನೆಯಲ್ಲಿ ಯಾರಿಗೆ ಏನು ಎಂದು ನೆನಪಿಟ್ಟು ಬರೆದ ಒಬ್ಬ ವೈದ್ಯರ ಟಿಪ್ಪಣಿ.

ಮಂಗ ಸತ್ತರೆ ಓಡುವ ವ್ಯವಸ್ಥೆ

ಇಲಾಖೆಗಳು ಒಟ್ಟಿಗೆ ಕೆಲಸ ಮಾಡಲಾರವು ಎಂದು ಕೈಚೆಲ್ಲುವವರು ಮಂಗನ ಕಾಯಿಲೆಯ ವ್ಯವಸ್ಥೆಯನ್ನು ನೋಡಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ರೋಗ ಇದು. ಜಗತ್ತು ಇದನ್ನು ಆ ಕಾಡಿನ ಹೆಸರಿನಿಂದಲೇ ಕರೆಯುತ್ತದೆ. ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಇದರ ಕಾಟ ಹೆಚ್ಚು. 2024ರ ಆರಂಭದಲ್ಲಿ ರಾಜ್ಯದಲ್ಲಿ ಸಂಭವಿಸಿದ ಸಾವುಗಳಲ್ಲಿ ಶೃಂಗೇರಿ ತಾಲ್ಲೂಕಿನದೂ ಒಂದು. ಹಳೆಯ ಲಸಿಕೆ ಪರಿಣಾಮಕಾರಿಯಲ್ಲ ಎಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಈಗ ಕೈಯಲ್ಲಿರುವುದು ಕಾಡಿಗೆ ಹೋಗುವ ಮುನ್ನ ಮೈಗೆ ಹಚ್ಚುವ ಡೆಪಾ ತೈಲ, ಬಂದ ಮೇಲೆ ಬಿಸಿನೀರಿನ ಸ್ನಾನ, ಮತ್ತು ಎಚ್ಚರ.

ಆ ಎಚ್ಚರ ನಡೆಯುವ ಕ್ರಮ ಹೀಗೆ. ಸತ್ತ ಮಂಗ ಕಂಡವರು ಅದನ್ನು ಮುಟ್ಟದೆ ಆಶಾಗೋ, ಪಂಚಾಯಿತಿಗೋ, ಫಾರೆಸ್ಟ್ ಗಾರ್ಡಿಗೋ ತಿಳಿಸುತ್ತಾರೆ. ಪಶುವೈದ್ಯರು ಮರಣೋತ್ತರ ಪರೀಕ್ಷೆ ಮಾಡಿ ಮಾದರಿ ಕಳಿಸುತ್ತಾರೆ. ದೇಹವನ್ನು ಸುಡುತ್ತಾರೆ, ಸುತ್ತಲಿನ ಜಾಗಕ್ಕೆ ಉಣ್ಣೆನಾಶಕ ಹಾಕುತ್ತಾರೆ. ಸುತ್ತಮುತ್ತಲ ಮನೆಗಳಲ್ಲಿ ಜ್ವರದ ಸಮೀಕ್ಷೆ ನಡೆಯುತ್ತದೆ. ಒಂದು ಸಾವಿನ ಸುದ್ದಿಗೆ ನಾಲ್ಕು ಇಲಾಖೆ ಓಡುತ್ತವೆ. ಅರುವತ್ತಕ್ಕೂ ಹೆಚ್ಚು ವರ್ಷದ ಅನುಭವದಿಂದ ಕಟ್ಟಿದ ಈ ಪದ್ಧತಿ ಇನ್ನೂ ಲೋಪರಹಿತವಲ್ಲ, ಆದರೆ ಅದು ಇದೆ, ಸೀಸನ್ ಬಂತೆಂದರೆ ಎದ್ದು ನಿಲ್ಲುತ್ತದೆ. ಕೊಯ್ಲಿಗೆ ಬಂದವರಿಗೆ ಮಾತ್ರ ಈ ಕಾಯಿಲೆಯ ಹೆಸರೂ ಗೊತ್ತಿರುವುದಿಲ್ಲ. ಸೌದೆಗೆ ಕಾಡಂಚಿಗೆ ಹೋಗುವವರು ಅವರೇ. ಎಚ್ಚರಿಕೆಯ ಕರಪತ್ರ ಕನ್ನಡದಲ್ಲಿ ಅಷ್ಟೇ ಇದ್ದರೆ ಅವರಿಗೆ ತಲುಪುವುದು ಹೇಗೆ? ಹಿಂದಿ, ಬಂಗಾಳಿ, ಅಸ್ಸಾಮಿಯಲ್ಲಿ ಒಂದು ನಿಮಿಷದ ಧ್ವನಿ ಸಂದೇಶ ಮಾಡಿ ಮೇಸ್ತ್ರಿಗಳ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದಕ್ಕೆ ಸಮಿತಿಯ ಹತ್ತು ಸಾವಿರವೂ ಬೇಕಾಗದು.

ಹಾವಿನ ಕಡಿತವನ್ನೂ ಇದೇ ಸಾಲಿಗೆ ಸೇರಿಸಬೇಕು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಸಂಗತಿ ಎಂದು ಘೋಷಿಸಿತು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಕಾಫಿ ಗಿಡದ ಬುಡದಲ್ಲಿ, ಕೊಂಬೆಯಲ್ಲಿ ಇರುವ ಗುಳಿಮಂಡಲಗಳಿಗೆ ಅದು ಕೆಲಸ ಮಾಡುವುದಿಲ್ಲ. ತೋಟಗಳಲ್ಲಿ ಯಾವ ಹಾವು ಎಷ್ಟು ಮಂದಿಗೆ ಕಡಿಯುತ್ತದೆ ಎಂಬ ಲೆಕ್ಕ ಸೇರಿದಷ್ಟೂ ಹೊಸ ಪ್ರತಿವಿಷದ ಬೇಡಿಕೆಗೆ ಬಲ ಬರುತ್ತದೆ.

ಖಾಲಿ ಕುರ್ಚಿಗಳು

ಊರಿನ ಸಮಿತಿ ಬರೆದದ್ದನ್ನು ಓದಬೇಕಾದವರು ಮೇಲಿದ್ದಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಮೂಡಿಗೆರೆಯ ಎಂಜಿಎಂನಂಥ ತಾಲ್ಲೂಕು ಆಸ್ಪತ್ರೆಯಲ್ಲಿ ಆರೋಗ್ಯ ರಕ್ಷಾ ಸಮಿತಿಗಳಿವೆ. ಒಂದು ಪ್ರಾಥಮಿಕ ಕೇಂದ್ರಕ್ಕೆ ಮುಕ್ತನಿಧಿ, ನಿರ್ವಹಣೆ ಎಲ್ಲ ಸೇರಿ ವರ್ಷಕ್ಕೆ 1.75 ಲಕ್ಷ ರೂಪಾಯಿಯ ಲೆಕ್ಕಾಚಾರ. ತಾಲ್ಲೂಕಿಗೆ ತಾಲ್ಲೂಕು ಆರೋಗ್ಯಾಧಿಕಾರಿ, ಜಿಲ್ಲೆಗೆ ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ), ಜಿಲ್ಲಾ ಪಂಚಾಯಿತಿಯಲ್ಲಿ ಸಿಇಒ. ಗುಡ್ಡಗಾಡಿಗೆ 20,000 ಜನಕ್ಕೊಂದು ಪ್ರಾಥಮಿಕ ಕೇಂದ್ರ, 3,000 ಜನಕ್ಕೊಂದು ಉಪಕೇಂದ್ರ ಎಂಬ ರಿಯಾಯಿತಿಯೂ ಉಂಟು. ಬಯಲಿನಲ್ಲಿ ಅದು 30,000 ಮತ್ತು 5,000.

ಇವರೆಲ್ಲರ ಮೇಲೆ ಜನರ ಪರವಾಗಿ ಕೂರಬೇಕಾದದ್ದು ಜಿಲ್ಲಾ ಪಂಚಾಯಿತಿಯ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿ. 1993ರ ಪಂಚಾಯತ್ ರಾಜ್ ಕಾಯ್ದೆ ಕೊಟ್ಟ ಜಾಗ ಅದು. ಯಾವ ಕೇಂದ್ರದಲ್ಲಿ ವೈದ್ಯರಿಲ್ಲ, ಎಲ್ಲಿ ಔಷಧ ಮುಗಿದಿದೆ ಎಂದು ಡಿಎಚ್‌ಒ ಅವರನ್ನು ಎದುರು ಕೂರಿಸಿಕೊಂಡು ಕೇಳುವ ಹಕ್ಕು ಚುನಾಯಿತ ಸದಸ್ಯರಿಗೆ ಇದ್ದದ್ದು ಅಲ್ಲಿ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ವರ್ಷಗಟ್ಟಲೆ ಮುಂದಕ್ಕೆ ಹೋಗಿ ಆಡಳಿತಾಧಿಕಾರಿಗಳ ಕಾಲವೇ ನಡೆಯಿತು. ಅಧಿಕಾರಿಯ ಕೆಲಸವನ್ನು ಅಧಿಕಾರಿಯೇ ಪರಿಶೀಲಿಸುವಂತಾಯಿತು. ಇಲಾಖೆಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ಶಾಸಕರು, ಮಂತ್ರಿಗಳು ಕೇಳುತ್ತಾರೆ, ನಿಜ. ಆದರೆ ಲೋಕೋಪಯೋಗಿಯಿಂದ ತೋಟಗಾರಿಕೆಯವರೆಗೆ ಹತ್ತಾರು ಇಲಾಖೆ ಇರುವ ಸಭೆಯಲ್ಲಿ ಕಳಸದ ಒಂದು ಉಪಕೇಂದ್ರಕ್ಕೆ ಎಷ್ಟು ನಿಮಿಷ ಸಿಕ್ಕೀತು?

ಗಡಿಯಾಚೆ ಕೇರಳ 1996ರ ಜನಕೀಯ ಯೋಜನೆಯ ಹೊತ್ತಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಗ್ರಾಮ ಪಂಚಾಯಿತಿಗಳಿಗೇ ವಹಿಸಿತು. ಮಂಜೇಶ್ವರದ ಕನ್ನಡಿಗ ತನ್ನ ಪಂಚಾಯಿತಿ ಅಧ್ಯಕ್ಷರನ್ನು ಆಸ್ಪತ್ರೆಯ ಬಗ್ಗೆ ಕೇಳಬಹುದು, ಅವರು ಉತ್ತರ ಹೇಳಲೇಬೇಕು. ನಮ್ಮಲ್ಲೂ ಪ್ರಯತ್ನ ನಡೆಯದೆ ಇಲ್ಲ. 2007ರಿಂದ 2009ರವರೆಗೆ ಒಂಬತ್ತು ರಾಜ್ಯಗಳಲ್ಲಿ ಸಮುದಾಯ ಮೇಲ್ವಿಚಾರಣೆಯ ಪ್ರಯೋಗ ನಡೆದಾಗ ಕರ್ನಾಟಕದ ತುಮಕೂರು, ಚಾಮರಾಜನಗರ, ಗದಗ, ರಾಯಚೂರು ಅದರಲ್ಲಿದ್ದವು. ಊರಿನವರೇ ಸೇವೆಗಳಿಗೆ ಹಸಿರು, ಹಳದಿ, ಕೆಂಪು ಬಣ್ಣ ಹಚ್ಚಿ ಅಂಕಪಟ್ಟಿ ಮಾಡಿದರು. ಜನಸಂವಾದದಲ್ಲಿ ವೈದ್ಯರು, ಅಧಿಕಾರಿಗಳ ಎದುರು ಅದನ್ನು ಓದಿದರು. ಮಹಾರಾಷ್ಟ್ರ ಅದನ್ನು ಮುಂದುವರಿಸಿತು. ನಾವು ಬಿಟ್ಟುಬಿಟ್ಟೆವು. ಕಾಫಿ ಜಿಲ್ಲೆಗೆ ಅದು ಬರಲೇ ಇಲ್ಲ.

ಕೋವಿಡ್ ಕಾಲದಲ್ಲಿ ಗ್ರಾಮ ಪಂಚಾಯಿತಿ ಕಾರ್ಯಪಡೆಗಳು ಯಾರು ಬಂದರು, ಯಾರು ಹೋದರು, ಯಾರಿಗೆ ಜ್ವರ ಎಂದು ಮನೆಮನೆ ಲೆಕ್ಕ ಇಟ್ಟವು. ಹೊರಗಿನಿಂದ ಬಂದವರ ಪಟ್ಟಿ ಅಂದು ಪ್ರತಿ ಪಂಚಾಯಿತಿಯಲ್ಲೂ ಇತ್ತು. ಭಯಕ್ಕಾಗಿ ಮಾಡಿದ ಆ ಪಟ್ಟಿಯನ್ನು ಆರೈಕೆಗಾಗಿ ಮಾಡಲು ಹೊಸ ಕಾನೂನು, ಹೊಸ ಹಣ ಬೇಕಿಲ್ಲ. ನವೆಂಬರಿನಲ್ಲಿ, ಕೊಯ್ಲು ಶುರುವಾಗುವ ಮುನ್ನ, ಪ್ರತಿ ಊರಿನ ಆರೋಗ್ಯ ಸಮಿತಿ ಒಂದು ವಿಶೇಷ ಸಭೆ ಕರೆಯಲಿ. ತೋಟಗಳ ರೈಟರುಗಳನ್ನೂ ಬೆಳೆಗಾರರ ಸಂಘದವರನ್ನೂ ಕೂರಿಸಿಕೊಂಡು ಯಾವ ಲೈನಿನಲ್ಲಿ ಎಷ್ಟು ಕೋಣೆ, ಎಷ್ಟು ಶೌಚಾಲಯ, ನೀರಿನ ಮೂಲ ಯಾವುದು ಎಂದು ಬರೆದುಕೊಳ್ಳಲಿ. ಜನವರಿಯಲ್ಲಿ ಆ ಪಟ್ಟಿ ಹಿಡಿದು ಒಮ್ಮೆ ಲೈನುಗಳನ್ನು ಸುತ್ತಿ ಬಂದು ನಡಾವಳಿಯ ಒಂದು ಪ್ರತಿಯನ್ನು ಪಂಚಾಯಿತಿಗೆ, ಒಂದನ್ನು ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ, ಇನ್ನೊಂದನ್ನು ಕಾರ್ಮಿಕ ನಿರೀಕ್ಷಕರಿಗೆ ಕೊಟ್ಟು ಸ್ವೀಕೃತಿ ಪಡೆಯಲಿ. ಮೂಡಿಗೆರೆ, ಕಳಸ, ಚಿಕ್ಕಮಗಳೂರು ತಾಲ್ಲೂಕುಗಳ ತಾಲ್ಲೂಕು ಆರೋಗ್ಯಾಧಿಕಾರಿಗಳು ಒಂದು ಸುತ್ತೋಲೆ ಹೊರಡಿಸಿದರೆ ಇದನ್ನು ಬರುವ ಕೊಯ್ಲಿಗೇ ಶುರು ಮಾಡಬಹುದು.